ಮನಸ್ಸು ಸರಿಹೋಗಲಿ ಎಂದು ಕಾಯಬೇಡಿ

ನಕಾರಾತ್ಮಕ ಮನೋಭಾವದಿಂದ ಸಕಾರಾತ್ಮಕ ಮನೋಭಾವಕ್ಕೆ ಬರುವುದು ಹೇಗೆ ಎಂಬ ವಿಷಯ ಕೊಟ್ಟು ನನ್ನನ್ನು ಕರೆದಿದ್ದೀರಿ. ಇದರ ಬಗ್ಗೆ ನೀವು ಈಗಾಗಲೇ ಸಾಕಷ್ಟು ಕೇಳಿದ್ದೀರಿ. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ಸೂರ್ಯೋದಯದ ಚಿತ್ರದ ಕೆಳಗೆ ‘ಒಳ್ಳೆಯದನ್ನೇ ಯೋಚಿಸಿ, ಒಳ್ಳೆಯದೇ ಆಗುತ್ತದೆ’ ಎಂದು ಬರೆದಿರುತ್ತದೆ. ಕಳಿಸಿದವರ ಪ್ರೀತಿ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆಪ್ತಸಮಾಲೋಚಕಿಯಾದ ನನ್ನೆದುರು ಕುಳಿತು ಅತ್ತವರಲ್ಲಿ ಹೆಚ್ಚಿನವರು ಇಂಥ ಮಾತುಗಳನ್ನು ಬೇಕಾದಷ್ಟು ಕೇಳಿಸಿಕೊಂಡು ಬಂದವರೇ. ‘ಎಲ್ಲರೂ ಧೈರ್ಯವಾಗಿರು ಅನ್ನುತ್ತಾರೆ ಮೇಡಂ, ಹೇಗೆ ಇರಬೇಕು ಅಂತ ಯಾರೂ ಹೇಳುವುದಿಲ್ಲ’ ಎಂದು ಒಬ್ಬ ಹುಡುಗಿ ಕೇಳಿದ್ದಳು. ಇವತ್ತು ಆ ‘ಹೇಗೆ’ ಎಂಬುದರ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಮೊದಲು ಕನ್ನಡಿಯ ವಿಷಯ. ಕನ್ನಡಿಯ ಮುಂದೆ ನಿಂತು ‘ನಾನು ಸಮರ್ಥ, ಎಲ್ಲರೂ ನನ್ನನ್ನು ಪ್ರೀತಿಸುತ್ತಾರೆ’ ಎಂದು ದಿನವೂ ಹೇಳಿಕೊಳ್ಳಿ ಎಂಬ ಸಲಹೆಯನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೊವಾನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಇಂಥ ವಾಕ್ಯದಿಂದ ಅಲ್ಪಸ್ವಲ್ಪ ಅನುಕೂಲವಾಯಿತು. ತಮ್ಮನ್ನು ತಾವು ಕೀಳಾಗಿ ಕಾಣುತ್ತಿದ್ದವರಿಗೆ ಅದನ್ನು ಹೇಳಿಕೊಂಡ ಮೇಲೆ ಇನ್ನಷ್ಟು ಕುಗ್ಗಿದಂತಾಯಿತು. ಯಾರಿಗೆ ಔಷಧಿ ಬೇಕಿತ್ತೋ ಅವರಿಗೇ ಅದು ತಿರುಗಿಬಿತ್ತು. ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಬಾಯಿ ‘ಎಲ್ಲರೂ ನನ್ನನ್ನು ಪ್ರೀತಿಸುತ್ತಾರೆ’ ಎಂದ ಕೂಡಲೇ ಒಳಗಿನ ದನಿ ‘ಹಾಗಾದರೆ ಮೊನ್ನೆ ಮದುವೆ ಮನೆಯಲ್ಲಿ ಯಾರೂ ಯಾಕೆ ಮಾತನಾಡಿಸಲಿಲ್ಲ?’ ಎಂದು ಕೇಳುತ್ತದೆ. ಆ ಪ್ರಶ್ನೆಗೆ ಕನ್ನಡಿಯ ಬಳಿ ಉತ್ತರವಿಲ್ಲ.

ಕೆಟ್ಟ ಯೋಚನೆಯನ್ನು ಒತ್ತಿ ಹಿಡಿಯಬಹುದೇ? ಅದೂ ಕಷ್ಟ. ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನೋವಿಜ್ಞಾನಿ 1987ರಲ್ಲಿ ವಿದ್ಯಾರ್ಥಿಗಳಿಗೆ ‘ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ’ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ಬೇಕಾದರೆ ಯೋಚಿಸಬಹುದು’ ಎಂದಾಗ, ಮೊದಲಿನಿಂದಲೇ ಯೋಚಿಸಲು ಬಿಟ್ಟವರಿಗಿಂತ ಹೆಚ್ಚಾಗಿ ಇವರ ತಲೆಯಲ್ಲಿ ಕರಡಿ ಓಡಾಡಿತು. ರಾತ್ರಿ ಹಾಸಿಗೆಯಲ್ಲಿ ಮಲಗಿ ‘ಸಾಲದ ಬಗ್ಗೆ ಯೋಚಿಸಬಾರದು’ ಎಂದು ಹಟ ಹಿಡಿದು ನೋಡಿದವರಿಗೆ ಈ ಪ್ರಯೋಗವನ್ನು ವಿವರಿಸುವ ಅಗತ್ಯವೇ ಇಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದು ತಿಳಿಯದೆ ಬಹಳ ಜನ ತಮ್ಮನ್ನು ತಾವು ಬೈದುಕೊಳ್ಳುತ್ತಾರೆ. ಮನಸ್ಸು ಕೆಟ್ಟದರ ಕಡೆಗೆ ವಾಲುವುದು ನಿಮ್ಮೊಬ್ಬರ ದೋಷವಲ್ಲ. ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಊಟ ಚೆನ್ನಾಗಿತ್ತು ಎಂದು ಹೊಗಳಿ ಹೋಗುತ್ತಾರೆ. ಒಬ್ಬರು ‘ಸಾರಿಗೆ ಉಪ್ಪು ಕಡಿಮೆ’ ಎಂದಿರುತ್ತಾರೆ. ರಾತ್ರಿ ಪಾತ್ರೆ ಎತ್ತಿಡುವಾಗ ಮನೆಯಾಕೆಗೆ ನೆನಪಿರುವುದು ಆ ಉಪ್ಪು ಮಾತ್ರ. ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ರೂಪಾಯಿ ಕಳೆದ ಸಂಕಟ ಹೆಚ್ಚು ತೂಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್‌ಸ್ಕಿ 1979ರಲ್ಲಿಯೇ ಸಿದ್ಧಾಂತವಾಗಿ ಬರೆದರು. ಮನುಷ್ಯರೆಲ್ಲರ ಮನಸ್ಸಿನ ವಾಲಿಕೆ ಇದು. ಆದ್ದರಿಂದ ‘ನನಗೆ ಕೆಟ್ಟ ಯೋಚನೆ ಬರಲೇಬಾರದು’ ಎಂಬ ಗುರಿ ಇಟ್ಟುಕೊಳ್ಳಬೇಡಿ. ಅದು ಯಾರಿಗೂ ಸಿಗುವ ಗುರಿಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಇಬ್ಬರು ಯುವ ಸಂಶೋಧಕರು ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಪ್ರಾಣಿಗಳಿಗೆ ಅಷ್ಟು ನೋವು ಕೊಟ್ಟು ಕಲಿತ ಪಾಠವನ್ನು ಹೇಳುವಾಗ ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ. ಇಂದು ಅಂಥ ಪ್ರಯೋಗಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಕೆಲವು ನಾಯಿಗಳಿಗೆ ವಿದ್ಯುತ್ತಿನ ಆಘಾತ ಕೊಟ್ಟರು, ಆದರೆ ಮೂತಿಯಿಂದ ಒಂದು ಫಲಕವನ್ನು ಒತ್ತಿದರೆ ಅದು ನಿಲ್ಲುತ್ತಿತ್ತು. ಇನ್ನು ಕೆಲವಕ್ಕೆ ಅಷ್ಟೇ ಆಘಾತ, ಆದರೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಎರಡೂ ಗುಂಪುಗಳನ್ನು ನಡುವೆ ಗಿಡ್ಡ ತಡೆ ಇರುವ ಪೆಟ್ಟಿಗೆಯೊಳಗೆ ಬಿಟ್ಟರು. ತಡೆಯನ್ನು ಹಾರಿ ಆಚೆ ಹೋದರೆ ಆಘಾತವಿಲ್ಲ. ಮೊದಲ ಗುಂಪಿನ ನಾಯಿಗಳು ಬೇಗನೆ ಹಾರಲು ಕಲಿತವು. ಎರಡನೆಯ ಗುಂಪಿನಲ್ಲಿ ಹೆಚ್ಚಿನವು ಹಾರುವ ಪ್ರಯತ್ನವನ್ನೇ ಮಾಡಲಿಲ್ಲ. ಮಲಗಿ ಕುಂಯ್‌ಗುಟ್ಟುತ್ತಾ ನೋವನ್ನು ಸಹಿಸಿಕೊಂಡವು. ಬಾಗಿಲು ತೆರೆದೇ ಇತ್ತು, ಅವಕ್ಕೆ ಅದು ಕಾಣಲಿಲ್ಲ. ಕಲಿತ ಅಸಹಾಯಕತೆ ಎಂದು ಇದಕ್ಕೆ ಹೆಸರಾಯಿತು.

ಇಷ್ಟು ಕಥೆಯನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. ಕಡಿಮೆ ಜನ ಕೇಳಿರುವುದು ಅದರ ಮುಂದಿನ ಭಾಗ. ಆ ನಾಯಿಗಳನ್ನು ಸರಿಮಾಡುವುದು ಹೇಗೆ? ತಡೆಯನ್ನು ತೆಗೆದು, ಆಚೆ ಬದಿಯಿಂದ ಕರೆದರು. ಬರಲಿಲ್ಲ. ಆಹಾರ ತೋರಿಸಿದರು. ಅದಕ್ಕೂ ಏಳಲಿಲ್ಲ. ಕೊನೆಗೆ ಕತ್ತಿಗೆ ಹಗ್ಗ ಕಟ್ಟಿ, ಆಚೆ ಬದಿಗೆ ಎಳೆದುಕೊಂಡು ಹೋದರು. ಮತ್ತೆ ಮತ್ತೆ ಎಳೆದರು. ಮೊದಮೊದಲು ಹೆಣಭಾರ. ಬರಬರುತ್ತಾ ಎಳೆಯುವ ಬಲ ಕಡಿಮೆ ಸಾಕಾಯಿತು. ಆಮೇಲೆ ಅವು ತಾವಾಗಿಯೇ ದಾಟತೊಡಗಿದವು. 1968ರಲ್ಲಿ ಇದನ್ನು ಪ್ರಕಟಿಸಿದರು. ಕಾಲು ದಾಟಿತು, ನೋವು ನಿಂತಿತು, ಇದು ಮತ್ತೆ ಮತ್ತೆ ನಡೆಯಿತು. ಆಗ ಮಾತ್ರ ನಾಯಿಯ ಒಳಗೆ ಏನೋ ಬದಲಾಯಿತು.

ಸುಮಾರು ಅರ್ಧ ಶತಮಾನದ ನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ಸಿದ್ಧಾಂತವನ್ನು ತಾವೇ ತಿದ್ದಿ ಬರೆದರು. ಈ ನಡುವೆ ಮೇಯರ್ ಇಲಿಗಳ ಮೆದುಳಿನ ಮೇಲೆ ಕೆಲಸ ಮಾಡಿದ್ದರು. ಅದರಿಂದ ತಿಳಿದದ್ದು ಇದು: ದೀರ್ಘಕಾಲ ಕಷ್ಟ ಬಂದಾಗ ಕುಸಿದು ಸುಮ್ಮನಾಗುವುದು ಮೆದುಳಿನ ಹುಟ್ಟುಗುಣ, ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದದ್ದು ಅದರ ಎದುರಿನದು. ‘ನಾನು ಮಾಡಿದರೆ ಏನೋ ಬದಲಾಗುತ್ತದೆ’ ಎಂಬ ಅನುಭವವನ್ನು ಮೆದುಳಿನ ಮುಂಭಾಗ ಗುರುತಿಸುತ್ತದೆ. ಗುರುತಿಸಿದ ಮೇಲೆ ಆ ಕುಸಿತವನ್ನು ತಡೆಯುತ್ತದೆ. ನಾನು ಇದನ್ನು ಓದಿದ ದಿನ ಬಹಳ ಹೊತ್ತು ಇದರ ಬಗ್ಗೆಯೇ ಯೋಚಿಸಿದೆ. ಸೋತು ಕುಳಿತವನಲ್ಲಿ ಏನೋ ಕೆಟ್ಟುಹೋಗಿದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆವು. ಕೆಟ್ಟಿಲ್ಲ. ಹತೋಟಿಯ ಅನುಭವ ಅವನಿಗೆ ಸಾಲದಾಗಿದೆ, ಅಷ್ಟೇ. ಅದು ಉಪದೇಶದಿಂದ ಬರುವುದಿಲ್ಲ, ಏನನ್ನಾದರೂ ಮಾಡಿ, ಅದರ ಫಲ ಕಣ್ಣಿಗೆ ಕಂಡಾಗ ಬರುತ್ತದೆ.

ಮನುಷ್ಯರ ಚಿಕಿತ್ಸೆಯಲ್ಲಿಯೂ ಇದಕ್ಕೆ ಬಲವಿದೆ. ಖಿನ್ನತೆಗೆ ಕೊಡುವ ಅರಿವಿನ ಚಿಕಿತ್ಸೆಯನ್ನು 1960ರ ದಶಕದಲ್ಲಿ ಆರನ್ ಬೆಕ್ ರೂಪಿಸಿದರು. ಯೋಚನೆಗಳನ್ನು ಹಿಡಿದು ತಿದ್ದುವುದು ಅದರ ಹೃದಯ. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಆ ಚಿಕಿತ್ಸೆಯನ್ನು ಬಿಡಿಸಿ ನೋಡಿದರು. ಕೆಲವರಿಗೆ ಪೂರ್ತಿ ಚಿಕಿತ್ಸೆ. ಕೆಲವರಿಗೆ ಯೋಚನೆಯ ತಂಟೆಗೆ ಹೋಗದೆ, ದಿನದ ಚಟುವಟಿಕೆಗಳನ್ನು ಮತ್ತೆ ಶುರುಮಾಡಿಸುವ ಭಾಗ ಮಾತ್ರ. ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಚೇತರಿಸಿಕೊಂಡವು. ಯೋಚನೆ ತಿದ್ದುವುದು ವ್ಯರ್ಥ ಎಂದು ನಾನು ಹೇಳುತ್ತಿಲ್ಲ, ನಾನೂ ಅದನ್ನು ಮಾಡಿಸುತ್ತೇನೆ. ‘ಮನಸ್ಸು ಬಂದ ಮೇಲೆ ಮಾಡುತ್ತೇನೆ’ ಎಂದು ಕಾಯಬೇಕಿಲ್ಲ ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಒಬ್ಬರ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಇದೆ, ಗುರುತು ಮರೆಸಿದ್ದೇನೆ. ನಡುವಯಸ್ಸಿನವರು, ವಿಜಯನಗರದ ಕಡೆಯವರು, ಸಾಫ್ಟ್‌ವೇರ್ ಕಂಪನಿಯಲ್ಲಿ ಒಳ್ಳೆಯ ಹುದ್ದೆ. ಒಂದು ದಿನ ಕೆಲಸ ಹೋಯಿತು. ಮೊದಲ ತಿಂಗಳು ಅರ್ಜಿ ಮೇಲೆ ಅರ್ಜಿ. ಉತ್ತರ ಬರಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ತೆರೆಯುವುದನ್ನೇ ಬಿಟ್ಟರು. ಅಕ್ಕಪಕ್ಕದವರ ಪ್ರಶ್ನೆ ತಪ್ಪಿಸಿಕೊಳ್ಳಲು ಹಾಲು ತರುವುದಕ್ಕೂ ಕತ್ತಲಾಗಬೇಕು. ಹೆಂಡತಿ ಸಮಾಧಾನ ಹೇಳಿದರೆ ಸಿಟ್ಟು, ಹೇಳದಿದ್ದರೆ ಬೇಸರ. ನವೆಂಬರ್ ಬಂತು. ಪಿಂಚಣಿದಾರರ ಮನೆಯವರಿಗೆ ನವೆಂಬರ್ ಎಂದರೆ ಏನೆಂದು ಗೊತ್ತು: ಬದುಕಿದ್ದೇವೆ ಎಂದು ಜೀವಿತ ಪ್ರಮಾಣಪತ್ರ ಕೊಡಬೇಕು. ಅವರ ತಂದೆಗೆ ಮಂಡಿನೋವು, ಬ್ಯಾಂಕಿನ ಸರದಿಯಲ್ಲಿ ನಿಲ್ಲಲಾಗದು. ‘ಅದೇನೋ ಮೊಬೈಲ್‌ನಲ್ಲೇ ಆಗುತ್ತದಂತೆ, ಮಾಡಿಕೊಡಪ್ಪ’ ಎಂದರು. ಮನಸ್ಸಿಲ್ಲದಿದ್ದರೂ ಮಾಡಿಕೊಟ್ಟರು. ತಂದೆ ಸುಮ್ಮನಿರಲಿಲ್ಲ, ಪಾರ್ಕಿನಲ್ಲಿ ಗೆಳೆಯರಿಗೆಲ್ಲ ಹೇಳಿದರು. ಮರುದಿನ ಇಬ್ಬರು ಮನೆಗೇ ಬಂದರು. ಆಮೇಲೆ ಇವರೇ ಬೆಳಿಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತು ಒಬ್ಬೊಬ್ಬರ ಮುಖವನ್ನೂ ಮೊಬೈಲ್ ಕ್ಯಾಮೆರಾಕ್ಕೆ ತೋರಿಸಿ, ಸಂದೇಶ ಬರುವ ತನಕ ಕಾದು, ‘ಆಯಿತು ಸಾರ್, ಮುಂದಿನ ವರ್ಷದವರೆಗೆ ಚಿಂತೆಯಿಲ್ಲ’ ಎನ್ನತೊಡಗಿದರು.

ಇದರಿಂದ ಅವರಿಗೆ ಒಂದು ಪೈಸೆ ಬರಲಿಲ್ಲ, ಕೆಲಸವೂ ಸಿಗಲಿಲ್ಲ. ಆದರೆ ಅವರು ನನಗೆ ಹೇಳಿದ್ದು ನೆನಪಿದೆ: ‘ಎಷ್ಟೋ ತಿಂಗಳಾದ ಮೇಲೆ ನಾನು ಶುರುಮಾಡಿದ್ದು ಮುಗಿಯಿತು ಮೇಡಂ.’ ಈ ಮುಗಿಯುವ ಅನುಭವವೇ ನಾನು ಹೇಳುತ್ತಿರುವ ಹತೋಟಿ. ಅದಾದ ಮೇಲೆ ಅರ್ಜಿ ಹಾಕುವ ಕೆಲಸ ಮತ್ತೆ ಶುರುವಾಯಿತು. ಮುಂದಿನ ಬೇಸಿಗೆಯ ಹೊತ್ತಿಗೆ ಮೊದಲಿಗಿಂತ ಕಡಿಮೆ ಸಂಬಳದ ಒಂದು ಕೆಲಸ ಸಿಕ್ಕಿತು. ಸಂಬಳ ಕಡಿಮೆಯಾದದ್ದು ಅವರಿಗೆ ಇವತ್ತಿಗೂ ನೋವೇ. ಆ ನೋವನ್ನು ‘ಸಕಾರಾತ್ಮಕವಾಗಿ ನೋಡಿ’ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಮಕ್ಕಳ ವಿಷಯಕ್ಕೆ ಬಂದರೆ, ಇಲ್ಲಿ ತಂದೆತಾಯಂದಿರು ಬಹಳ ಜನ ಇದ್ದೀರಿ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ಮಗು ತನಗೆ ತಾನೇ ಏನು ಹೇಳಿಕೊಳ್ಳುತ್ತದೆ ಎಂಬುದನ್ನು ಕೇಳಿಸಿಕೊಳ್ಳಿ. ಸೆಲಿಗ್‌ಮನ್ ಅವರ ಮುಂದಿನ ಕೆಲಸದಲ್ಲಿ ದೊಡ್ಡ ಪಾಲು ಇದರ ಮೇಲೆಯೇ. ಬೇಗ ಕುಸಿಯುವವರು ಸೋಲಿಗೆ ಕೊಡುವ ಕಾರಣ ಯಾವಾಗಲೂ ಇರುವಂಥದ್ದು, ಎಲ್ಲಕ್ಕೂ ಹಬ್ಬುವಂಥದ್ದು, ಪೂರ್ತಿ ತನ್ನದೇ ತಪ್ಪು ಎನ್ನುವಂಥದ್ದು. ‘ನನ್ನ ಹಣೆಬರಹವೇ ಇಷ್ಟು’ ಎಂಬ ನಮ್ಮ ಮನೆಮಾತಿನಲ್ಲಿ ಈ ಮೂರೂ ಒಟ್ಟಿಗಿವೆ. ‘ನಾನು ದಡ್ಡಿ’ ಎಂದು ಅಳುವ ಹುಡುಗಿಗೆ ‘ಇಲ್ಲ ಪುಟ್ಟಿ, ನೀನು ಜಾಣೆ’ ಎಂದು ಹೇಳಿದರೆ ಅವಳು ನಂಬುವುದಿಲ್ಲ. ಅಂಕಪಟ್ಟಿ ಅವಳ ಕೈಯಲ್ಲಿಯೇ ಇದೆ. ಪ್ರಶ್ನೆಪತ್ರಿಕೆಯನ್ನು ಮುಂದೆ ಹರಡಿಕೊಂಡು ಅವಳ ಜೊತೆ ಕುಳಿತುಕೊಳ್ಳಿ. ಎಲ್ಲಿ ಅಂಕ ಹೋಗಿದೆ? ತ್ರಿಕೋನಮಿತಿಯಲ್ಲಿ. ಆ ಅಧ್ಯಾಯ ನಡೆಯುವಾಗ ಏನಾಗಿತ್ತು? ಜ್ವರ ಬಂದು ಶಾಲೆಗೆ ಹೋಗಿರಲಿಲ್ಲ. ದಡ್ಡತನಕ್ಕೆ ಮದ್ದಿಲ್ಲ, ತ್ರಿಕೋನಮಿತಿಗೆ ಇದೆ.

ನಮ್ಮ ರಾಜ್ಯದಲ್ಲಿ 2024ರಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ಬಂದಿವೆ. ಹೆಚ್ಚು ಅಂಕ ಬಂದದ್ದನ್ನು ಉಳಿಸಿಕೊಳ್ಳಬಹುದು. ಈ ವ್ಯವಸ್ಥೆಯ ಮೇಲೆ ಶಿಕ್ಷಕರಿಗೆ ಬೇರೆ ಬೇರೆ ಆಕ್ಷೇಪಗಳಿವೆ, ಅವುಗಳಲ್ಲಿ ಸತ್ಯವೂ ಇದೆ. ಆದರೆ ಒಂದು ಸಲ ಬಿದ್ದರೆ ಬಾಗಿಲು ಮುಚ್ಚಿತು ಎಂದು ನಂಬಿದ್ದ ಮಗುವಿಗೆ ಬಾಗಿಲು ತೆರೆದಿರುವುದನ್ನು ಇದು ತೋರಿಸುತ್ತದೆ. ತೋರಿಸಿದರಷ್ಟೇ ಸಾಲದು, ದಾಟಿಸಬೇಕು. ‘ಎರಡನೇ ಪರೀಕ್ಷೆಯಲ್ಲಿ ತೊಂಬತ್ತು ತೆಗೆಯುತ್ತೇನೆ’ ಎಂದು ಕನಸು ಕಾಣುತ್ತಾ ಕುಳಿತರೆ ಕೆಲಸ ಸಾಗುವುದಿಲ್ಲ. ಗೇಬ್ರಿಯೆಲ್ ಓಟಿಂಗನ್ ಎಂಬ ಮನೋವಿಜ್ಞಾನಿ ಪದವಿ ಮುಗಿಸಿದ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು: ಒಳ್ಳೆಯ ಕೆಲಸದ ಸಿಹಿಗನಸನ್ನು ಹೆಚ್ಚು ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಕೆಲಸವೂ ಕಡಿಮೆ ಸಿಕ್ಕಿತ್ತು. ಪೀಟರ್ ಗಾಲ್ವಿಟ್ಜರ್ ಎಂಬ ಇನ್ನೊಬ್ಬ ಮನೋವಿಜ್ಞಾನಿ ತೋರಿಸಿದ ದಾರಿ ಸರಳ: ಯಾವಾಗ, ಎಲ್ಲಿ, ಏನು ಎಂದು ಮೊದಲೇ ಗಂಟುಹಾಕಿ. ‘ಸಂಜೆ ಹಾಲು ಕುಡಿದು ಲೋಟ ಕೆಳಗಿಟ್ಟ ಕೂಡಲೇ ಮೇಜಿನ ಹತ್ತಿರ ಕುಳಿತು ಎರಡು ಲೆಕ್ಕ ಮಾಡುತ್ತೇನೆ.’ ಎರಡೇ ಸಾಕು, ಅವು ಮುಗಿಯಬೇಕು.

ಯಾವ ಅಭ್ಯಾಸವಾದರೂ 21 ದಿನದಲ್ಲಿ ಬರುತ್ತದೆ ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಅಳೆದು ನೋಡಿದಾಗ ಸರಾಸರಿ 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ ಬೇಕಾದ ಕಾಲದ ಅಂದಾಜು 18 ದಿನಗಳಿಂದ 254 ದಿನಗಳವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚು ವ್ಯತ್ಯಾಸವಾಗಲಿಲ್ಲ. ಇಪ್ಪತ್ತೆರಡನೆಯ ದಿನ ‘ನನ್ನ ಕೈಯಲ್ಲಿ ಆಗುವುದಿಲ್ಲ’ ಎಂದು ಬಿಟ್ಟವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಇಲ್ಲಿ ಸ್ವಲ್ಪ ಬೇರೆ ಕಡೆಗೆ ಹೋಗುತ್ತೇನೆ. ಊರಿಗೆ ಊರೇ ಅಸಹಾಯಕವಾಗಬಹುದೇ? ‘ಬೆಂಗಳೂರು ಹಾಳಾಗಿಹೋಯಿತು’ ಎಂದು ಹೇಳದೆ ನಮ್ಮಲ್ಲಿ ಯಾವ ಹರಟೆಯೂ ಮುಗಿಯುವುದಿಲ್ಲ. ಆ ಮಾತಿನ ಹಿಂದೆ ನಿಜವಾದ ಸಂಕಟ ಇದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ಗೆ ಕಾದು ಕುಳಿತ ಮನೆಯವರಿಗೆ ಮನೋಭಾವ ಬದಲಿಸಿಕೊಳ್ಳಿ ಎನ್ನುವುದು ಕ್ರೌರ್ಯ. ಮನಸ್ಸಿನಿಂದ ನೀರು ಬರುವುದಿಲ್ಲ. ಅದು ಸರ್ಕಾರ ಮಾಡಬೇಕಾದ ಕೆಲಸ, ಅದನ್ನು ಕೇಳುವ ಹಕ್ಕು ನಮ್ಮದು. ಆದರೆ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಕಡೆ ಒಮ್ಮೆ ಹೋಗಿಬನ್ನಿ. ಕಸ, ಕಟ್ಟಡದ ಅವಶೇಷ ತುಂಬಿ ಸಾಯುತ್ತಿದ್ದ ಪುಟ್ಟ ಕೆರೆ ಅದು. 2010ರಲ್ಲಿ ಸುತ್ತಮುತ್ತಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡರು. 2011ರಲ್ಲಿ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ನಿರ್ವಹಣೆಯ ಹೊಣೆ ಹೊತ್ತರು. ಇಡೀ ನಗರದ ಕೆರೆಗಳನ್ನು ಉಳಿಸುತ್ತೇವೆ ಎಂದು ಹೊರಟಿದ್ದರೆ ಮೊದಲ ತಿಂಗಳಲ್ಲಿಯೇ ಕೈಚೆಲ್ಲುತ್ತಿದ್ದರೋ ಏನೋ. ತಮ್ಮ ಬೀದಿಯ ಕೊನೆಯಲ್ಲಿದ್ದ ಒಂದು ಕೆರೆಯನ್ನು ಹಿಡಿದರು. ಅಲ್ಲಿ ಈಗ ಹಕ್ಕಿಗಳನ್ನು ನೋಡಬಹುದು. ಯಾವುದು ನನ್ನ ಕೈಯಲ್ಲಿದೆ, ಯಾವುದು ಇಲ್ಲ ಎಂದು ಬೇರ್ಪಡಿಸಿ, ಕೈಯಲ್ಲಿರುವುದನ್ನು ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಊರಿನಲ್ಲಿ ನನಗೆ ಕಂಡಿಲ್ಲ.

ಒಂದು ಎಚ್ಚರಿಕೆಯ ಮಾತು. ನಾನು ಈವರೆಗೆ ಹೇಳಿದ್ದು ಬೇಸರ, ಸೋಲು, ಕುಗ್ಗುವಿಕೆಗಳ ಬಗ್ಗೆ. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಪ್ರತಿದಿನವೂ ದಿನದ ಬಹುಪಾಲು ಮನಸ್ಸು ಕವಿದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸಿದರೆ, ನಿದ್ದೆ, ಹಸಿವು ಕೆಟ್ಟಿದ್ದರೆ, ಬದುಕುವುದೇ ಬೇಡ ಎನಿಸಿದರೆ ಅದು ಖಿನ್ನತೆ ಇರಬಹುದು. ಅಲ್ಲಿ ವೈದ್ಯರು ಬೇಕು. ಬದುಕು ಬೇಡವೆನಿಸಿದರಂತೂ ಎರಡು ವಾರ ಕಾಯುವ ಮಾತೇ ಇಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ‘ಇಚ್ಛಾಶಕ್ತಿ ಬೆಳೆಸಿಕೊಳ್ಳಿ’ ಎಂದು ನಾವು ಹೇಳಿ ಕಳಿಸುವುದಿಲ್ಲ. ನಮ್ಮ ಊರಿನಲ್ಲಿಯೇ ನಿಮ್ಹಾನ್ಸ್ ಇದೆ. ಬೇರೆ ರಾಜ್ಯಗಳಿಂದ ರೈಲು ಹತ್ತಿ ಬಂದು ಜನ ಅಲ್ಲಿ ಚೀಟಿ ಮಾಡಿಸುತ್ತಾರೆ. ಹೊಸೂರು ರಸ್ತೆಯಲ್ಲಿ ದಿನವೂ ಅದರ ಮುಂದೆ ಹಾದುಹೋಗುವ ನಾವು ‘ಯಾರಾದರೂ ನೋಡಿದರೆ’ ಎಂದು ಹಿಂಜರಿಯುತ್ತೇವೆ. ಹೋಗಲಾಗದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಹಣ ಕೊಡಬೇಕಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಈಗಲೇ, ನನ್ನೆದುರಿಗೇ ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ. ನಿಮಗೆ ಬೇಕಾಗದಿರಬಹುದು, ಪಕ್ಕದ ಮನೆಯ ಹುಡುಗನಿಗೆ ಬೇಕಾಗಬಹುದು.

ಮಾತು ಮುಗಿಸಬೇಕೆಂದಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ತಾಯಿ ಚೀಟಿ ಕಳಿಸಿದ್ದಾರೆ. ಓದುತ್ತೇನೆ: ‘ಮಾಡಿದರೆ ಮನಸ್ಸು ಬದಲಾಗುತ್ತದೆ ಅನ್ನುತ್ತೀರಿ. ನಾನು ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದರವರೆಗೆ ಮಾಡುತ್ತಲೇ ಇರುತ್ತೇನೆ. ನನ್ನ ಮನಸ್ಸು ಯಾಕೆ ಬದಲಾಗಲಿಲ್ಲ?’

ಅಮ್ಮಾ, ಇವತ್ತಿನ ಸಭೆಯ ಅತಿ ಮುಖ್ಯವಾದ ಪ್ರಶ್ನೆ ಇದು. ಇದಕ್ಕೆ ಉತ್ತರ ಕೊಡದಿದ್ದರೆ ನಾನು ಇಷ್ಟು ಹೊತ್ತು ಹೇಳಿದ್ದು ಅರ್ಧ ಸುಳ್ಳಾಗುತ್ತದೆ. ಆ ಎರಡನೆಯ ಗುಂಪಿನ ನಾಯಿಗಳೂ ಮೊದಮೊದಲು ಒದ್ದಾಡಿದ್ದವು. ಅವು ಏನು ಮಾಡಿದರೂ ಏನೂ ಬದಲಾಗುತ್ತಿರಲಿಲ್ಲ. ಕೆಲಸದ ಪ್ರಮಾಣ ಇಲ್ಲಿ ಮುಖ್ಯವಲ್ಲ, ಅದರ ಮೇಲೆ ನಮಗೆಷ್ಟು ಹತೋಟಿ ಎಂಬುದು ಮುಖ್ಯ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1985ರಲ್ಲಿ ಶುರುವಾದ ವೈಟ್‌ಹಾಲ್ ಎರಡನೆಯ ಅಧ್ಯಯನದಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದರು. ತಮ್ಮ ಕೆಲಸದ ಮೇಲೆ ತಮಗೆ ಹತೋಟಿ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಮನೆಗೆಲಸ ಮುಗಿಯುವುದೇ ಇಲ್ಲ. ತೊಳೆದಿಟ್ಟ ಪಾತ್ರೆ ಅರ್ಧ ಗಂಟೆಯಲ್ಲಿ ಮತ್ತೆ ಸಿಂಕಿನಲ್ಲಿರುತ್ತದೆ. ಯಾವಾಗ ಮಾಡಬೇಕು, ಏನು ಅಡುಗೆ, ಯಾರಿಗೆ ಎಷ್ಟು ಹೊತ್ತಿಗೆ ಎಂಬುದನ್ನು ಬೇರೆಯವರ ಗಡಿಯಾರ ನಿರ್ಧರಿಸುತ್ತದೆ. ಇದರ ಮೇಲೆ ಇನ್ನೊಂದು ಕೆಲಸ ಹೇರಿ, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಧ್ಯಾನ ಮಾಡಿ ಎಂದು ನಾನು ಹೇಳುವುದಿಲ್ಲ.

ನಿಮಗೆ ಬೇಕಾದದ್ದು ದಿನದಲ್ಲಿ ಒಂದು ಗಂಟೆ, ನೀವೇ ಆರಿಸಿಕೊಂಡ ಒಂದು ಕೆಲಸ, ಅದರ ಫಲ ನಿಮಗೇ ಕಾಣುವಂಥದ್ದು. ಹೊಲಿಗೆಯೋ, ಸಂಗೀತದ ಪಾಠವೋ, ನಿಲ್ಲಿಸಿದ ಓದೋ, ಬ್ಯಾಂಕಿನ ಲೆಕ್ಕವನ್ನು ಸ್ವತಃ ನೋಡಿಕೊಳ್ಳುವುದೋ, ನಿಮಗೆ ಗೊತ್ತು. ಆದರೆ ಆ ಗಂಟೆಯನ್ನು ನೀವು ನಿದ್ದೆಯಿಂದ ಕದಿಯಬಾರದು. ಅದು ಮನೆಯವರಿಂದ ಬರಬೇಕು. ಆದ್ದರಿಂದ ಉಳಿದ ಮಾತು ಇಲ್ಲಿ ಕುಳಿತಿರುವ ಗಂಡಂದಿರಿಗೆ, ದೊಡ್ಡ ಮಕ್ಕಳಿಗೆ. ‘ಏನಾದರೂ ಸಹಾಯ ಬೇಕಾ’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಹೇಳುವ, ನೆನಪಿಸುವ ಕೆಲಸ ಮತ್ತೆ ಅವರ ತಲೆಗೇ ಬೀಳುತ್ತದೆ. ರಾತ್ರಿಯ ಅಡುಗೆಯೋ ಬೆಳಗಿನ ತಿಂಡಿಯೋ, ಒಂದನ್ನು ಪೂರ್ತಿಯಾಗಿ ತೆಗೆದುಕೊಳ್ಳಿ. ಸಾಮಾನು ತರುವುದರಿಂದ ಹಿಡಿದು ಒಲೆ ಒರೆಸುವ ತನಕ ಅದು ನಿಮ್ಮದು. ಉಪ್ಪು ಹೆಚ್ಚುಕಡಿಮೆಯಾದರೆ ಅದೂ ನಿಮ್ಮದೇ. ಇವತ್ತು ಭಾನುವಾರ, ರಾತ್ರಿಯ ಅಡುಗೆಯಿಂದಲೇ ಶುರುಮಾಡಬಹುದು.